ಅಜ್ಜಯ್ಯನ ಕೇಪಿನ ಕೋವಿ, ಅಮೆರಿಕದ ಹವ್ಯಾಸ ಮತ್ತು ಎರಡು ದೇಶಗಳ ಕಾನೂನು

ಚುನಾವಣೆ ಘೋಷಣೆಯಾಯ್ತು ಅಂದ್ರೆ ಮಲೆನಾಡಿನ ನಮ್ಮ ಮನೆಯಲ್ಲಿ ಮೊದಲು ಹೊರಗೆ ಬರುತ್ತಿದ್ದದ್ದು ಕೋವಿ. ಅಜ್ಜಯ್ಯ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಲೈಸೆನ್ಸ್ ಪುಸ್ತಕವನ್ನು ಅಂಗಿ ಜೇಬಿಗಿಟ್ಟುಕೊಂಡು, ಬೆಳಗಿನ ಬಸ್ಸು ಹಿಡಿದು ಠಾಣೆಗೆ ಹೋಗುತ್ತಿದ್ದರು. ಕೋವಿ ಠಾಣೆಯಲ್ಲಿಟ್ಟು, ರಸೀದಿ ಪಡೆದು ಬರುವಷ್ಟರಲ್ಲಿ ಸಂಜೆ. ಫಲಿತಾಂಶ ಬಂದ ಮೇಲೆ ಮತ್ತೊಮ್ಮೆ ಅದೇ ಬಸ್ಸು, ಅದೇ ಠಾಣೆ. ನಡುವಿನ ದಿನಗಳಲ್ಲಿ ಹಂದಿಗಳು ಗದ್ದೆಗೆ ಇಳಿದು ತಮ್ಮ ಕೆಲಸ ಮುಗಿಸಿ ಹೋಗಿರುತ್ತಿದ್ದವು. "ಹಂದಿಗೆ ನೀತಿ ಸಂಹಿತೆ ಇಲ್ವಲ್ಲ ಮಾರಾಯ್ತಿ" ಅಂತ ಅಜ್ಜಯ್ಯ ನಗುತ್ತಿದ್ದರು.

ಹತ್ತಾರು ವರ್ಷಗಳ ನಂತರ ಕೆಲಸದ ಮೇಲೆ ಅಮೆರಿಕದ ಇಂಡಿಯಾನಾ ರಾಜ್ಯಕ್ಕೆ ಹೋದೆ. ಅಲ್ಲಿ ಅದೇ ಬಗೆಯ ಕೋವಿ, ಅಂದ್ರೆ ಮೂತಿಯಿಂದ ಮದ್ದು ತುಂಬುವ, ಕೇಪು ಸಿಡಿಸಿ ಹಾರಿಸುವ ಕೋವಿ, ನನ್ನ ಬಾಡಿಗೆ ಮನೆಯ ಬಾಗಿಲಿಗೆ ಕೊರಿಯರಿನಲ್ಲಿ ಬಂತು. ಲೈಸೆನ್ಸ್ ಇಲ್ಲ, ಠಾಣೆ ಇಲ್ಲ, ರಸೀದಿ ಇಲ್ಲ. ನಾನು ಆ ದೇಶದ ಪ್ರಜೆಯೂ ಅಲ್ಲ, ಎಚ್-1ಬಿ ವೀಸಾದವಳು.

ಎರಡೂ ಕೋವಿ ಒಂದೇ ವೇಗದಲ್ಲಿ ಹಾರುತ್ತವೆ, ಒಂದೇ ರೀತಿ ಹೊಗೆ ಉಗುಳುತ್ತವೆ. ಒಂದನ್ನು ಅಪಾಯಕಾರಿ ಆಯುಧ ಅಂತ ಕಾನೂನು ನೋಡುತ್ತದೆ, ಇನ್ನೊಂದನ್ನು ಆಯುಧ ಅಂತಲೇ ಪರಿಗಣಿಸುವುದಿಲ್ಲ. ಯಾಕೆ? ಕಳೆದ ವರ್ಷ ಅಪ್ಪಯ್ಯ ತೀರಿಕೊಂಡ ಮೇಲೆ ಈ ಪ್ರಶ್ನೆ ನನ್ನ ಪಾಲಿಗೆ ಬರೀ ಕುತೂಹಲವಾಗಿ ಉಳಿಯಲಿಲ್ಲ. ಮನೆಯ ಕೋವಿಯನ್ನು ಇಟ್ಟುಕೊಳ್ಳೋದಾ, ಸರ್ಕಾರಕ್ಕೆ ಒಪ್ಪಿಸೋದಾ ಅಂತ ನಾನು ತೀರ್ಮಾನಿಸಬೇಕಾಯ್ತು.

ಮೊದಲು, ಇದು ಕೆಲಸ ಮಾಡೋದು ಹೇಗೆ?

ಸಿನಿಮಾಗಳಲ್ಲಿ ನೋಡುವ ಬಂದೂಕಿಗೆ ತೋಟಾ ಇರುತ್ತದೆ. ಗುಂಡು, ಮದ್ದು, ಕಿಡಿ ಹೊತ್ತಿಸುವ ವಸ್ತು ಮೂರೂ ಒಂದೇ ಕೊಳವೆಯಲ್ಲಿ. ಕೇಪಿನ ಕೋವಿಯಲ್ಲಿ ಈ ಮೂರೂ ಬೇರೆ ಬೇರೆ. ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕದ ಮಿಶ್ರಣ. ಅದನ್ನು ಅಳತೆಯ ಚಿಕ್ಕ ಬಟ್ಟಲಿಗೆ ಸುರಿದುಕೊಂಡು, ಆಮೇಲೆ ನಳಿಗೆಯ ಮೂತಿಗೆ ಹಾಕಬೇಕು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವಂತಿಲ್ಲ. ಹಿಂದಿನ ಈಡಿನ ಒಂದು ಕಿಡಿ ಒಳಗೆ ಉಳಿದಿದ್ದರೂ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

ಮದ್ದಿನ ಮೇಲೆ ಎಣ್ಣೆ ಸವರಿದ ಬಟ್ಟೆಯ ತುಂಡು, ಅದರಲ್ಲಿ ಸೀಸದ ಉರುಟು ಗುಂಡು. ಅಜ್ಜಯ್ಯ ಚರೆ ಹಾಕಿ, ಮೇಲೆ ತೆಂಗಿನ ನಾರು ತುರುಕುತ್ತಿದ್ದರು. ಆಮೇಲೆ ಗಜದಿಂದ ಒತ್ತಿ ಒತ್ತಿ ಗುಂಡನ್ನು ಮದ್ದಿನ ಮೇಲೆ ಸರಿಯಾಗಿ ಕೂರಿಸಬೇಕು. ಮಧ್ಯದಲ್ಲೆಲ್ಲೋ ಗುಂಡು ಸಿಕ್ಕಿಕೊಂಡು, ಮದ್ದಿಗೂ ಗುಂಡಿಗೂ ನಡುವೆ ಗಾಳಿ ಉಳಿದರೆ ನಳಿಗೆಯೇ ಒಡೆಯಬಹುದು. ಅದಕ್ಕೇ ಅನುಭವಸ್ಥರು ಗಜದ ಮೇಲೊಂದು ಗೆರೆ ಕೊರೆದಿರುತ್ತಾರೆ. ಆ ಗೆರೆ ಮೂತಿಯ ಮಟ್ಟಕ್ಕೆ ಬಂದರೆ ಗುಂಡು ಕೂತಿದೆ ಅಂತ ಅರ್ಥ.

ಕೊನೆಗೆ ತಾಮ್ರದ ಪುಟ್ಟ ಟೋಪಿಯಂಥ ಕೇಪು. ಕುದುರೆಯನ್ನು ಅರ್ಧ ಎಳೆದು ಕೇಪು ಕೂರಿಸಿ, ಪೂರ್ತಿ ಎಳೆದು, ಗುರಿ ಹಿಡಿದು ಒತ್ತಿದರೆ ಕುದುರೆ ಕೇಪಿಗೆ ಬಡಿಯುತ್ತದೆ, ಕಿಡಿ ಸಣ್ಣ ತೂತಿನಿಂದ ಒಳಗಿನ ಮದ್ದಿಗೆ ಹಾರುತ್ತದೆ. ಢಮ್! ಕಣ್ಣೆದುರು ಬಿಳಿ ಹೊಗೆಯ ಗೋಡೆ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಗುರಿಗೆ ಬಿತ್ತೋ ಇಲ್ವೋ ಅಂತ ಗೊತ್ತಾಗಬೇಕಾದರೆ ಹೊಗೆ ಸರಿಯುವ ತನಕ ಕಾಯಬೇಕು.

ಕೇಪಿಗಿಂತ ಹಿಂದಿನದ್ದು ಚಕಮಕಿ ಕೋವಿ. ಅದರಲ್ಲಿ ಕುದುರೆಯ ಬಾಯಲ್ಲಿ ಕಲ್ಲು, ಪಕ್ಕದ ಪುಟ್ಟ ತಟ್ಟೆಯಲ್ಲಿ ಒಂದು ಚಿಟಿಕೆ ಮದ್ದು. ಮಳೆ ಹನಿಸಿದರೆ ಕಥೆ ಮುಗಿಯಿತು. ತರಬೇತಾದ ಸೈನಿಕ ಒಳಗೆ ನುಣುಪಾದ ನಳಿಗೆಯ ಚಕಮಕಿ ಕೋವಿಯಿಂದ ನಿಮಿಷಕ್ಕೆ ಮೂರು ಈಡು ಹಾರಿಸುತ್ತಿದ್ದ ಅನ್ನೋದು ಆ ಕಾಲದ ದೊಡ್ಡ ಸಾಧನೆ. ನನ್ನಂಥವಳಿಗೆ ಒಂದು ಈಡಿಗೇ ಒಂದು ನಿಮಿಷಕ್ಕಿಂತ ಹೆಚ್ಚು ಬೇಕು.

ಇದರಲ್ಲೇನು ಮಜಾ?

ನ್ಯಾಯವಾದ ಪ್ರಶ್ನೆ. ಇಂಡಿಯಾನಾದ ಫ್ರೆಂಡ್‌ಶಿಪ್ ಅನ್ನೋ ಪುಟ್ಟ ಊರಿನಲ್ಲಿ ಈ ಹವ್ಯಾಸದವರ ರಾಷ್ಟ್ರೀಯ ಸಂಘದ ಮೈದಾನವಿದೆ. ಸಂಘ ಶುರುವಾಗಿದ್ದು 1933ರಲ್ಲಿ. ಅಲ್ಲಿಗೆ ಮೊದಲ ಸಲ ಹೋದಾಗ ನನಗೆ ಅಂಜಿಕೆ ಇತ್ತು. ಬಂದೂಕು ಪ್ರಿಯ ಅಮೆರಿಕನ್ನರ ನಡುವೆ ಕಂದು ಬಣ್ಣದ ಹೆಂಗಸು ಒಬ್ಬಳೇ ಹೋಗೋದು ಅಂದ್ರೆ ಸುಮ್ನೆ ಅಲ್ಲ. ಅಲ್ಲಿ ಕಂಡದ್ದು ಮಾತ್ರ ನಮ್ಮೂರ ಜಾತ್ರೆಯ ಥರದ್ದು. ತಾವೇ ಹೊಲಿದ ಚರ್ಮದ ಚೀಲ, ತಾವೇ ಎರಕ ಹೊಯ್ದ ಗುಂಡು, ತಾವೇ ಕೆತ್ತಿದ ಕೋವಿಯ ಹಿಡಿ ತೋರಿಸಲು ಹಂಬಲಿಸುವ ಮುದುಕರು, ಅಪ್ಪನ ಪಕ್ಕ ಕಿವಿಗೆ ರಕ್ಷೆ ಹಾಕಿಕೊಂಡು ನಿಂತ ಮಕ್ಕಳು.

ಅಲ್ಲಿ ಮೊದಲು ಕಲಿಸಿದ್ದು ಹಾರಿಸೋದನ್ನಲ್ಲ, ಕಾಯೋದನ್ನು. ಕುದುರೆ ಬಡಿದೂ ಕೋವಿ ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಅಲ್ಲಾಡದೆ ನಿಲ್ಲಬೇಕು. ಒಳಗಿನ ಮದ್ದು ನಿಧಾನಕ್ಕೆ ಹೊತ್ತಿಕೊಳ್ಳುತ್ತಿರಬಹುದು. ಆ ಒಂದು ನಿಮಿಷ ಎಷ್ಟು ಉದ್ದ ಅಂತ ಅನುಭವಿಸಿದವರಿಗೇ ಗೊತ್ತು.

ಅಂತಾರಾಷ್ಟ್ರೀಯ ಸ್ಪರ್ಧೆಗಳ ನಿಯಮವೂ ಇದೇ ಸ್ವಭಾವದ್ದು. 30 ನಿಮಿಷ ಸಮಯ, 13 ಈಡು, ಅದರಲ್ಲಿ ಒಳ್ಳೆಯ 10 ಮಾತ್ರ ಲೆಕ್ಕಕ್ಕೆ. ಪ್ರತಿ ಈಡಿಗೂ ಮದ್ದಿನ ಅಳತೆ, ಬಟ್ಟೆಯ ದಪ್ಪ, ಗಜದ ಒತ್ತಡ ಒಂದೇ ಇರಬೇಕು. ಒಂದರಲ್ಲಿ ಅವಸರಪಟ್ಟರೂ ಗುರಿ ಹಲಗೆಯ ಮೇಲೆ ಅದು ಕಾಣುತ್ತದೆ. ಫೋನಿನಲ್ಲಿ ಬೆರಳಾಡಿಸಿ ಗಮನ ಚೂರುಚೂರಾದ ನನಗೆ ವಾರದ ಐದು ದಿನ ಸಿಗದ ಏಕಾಗ್ರತೆ ಶನಿವಾರ ಬೆಳಿಗ್ಗೆ ಸಿಗುತ್ತಿತ್ತು.

ಮನೆಗೆ ಬಂದರೆ ಮುಗಿಯಲಿಲ್ಲ. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ಒಂದು ರಾತ್ರಿ ಬಿಟ್ಟರೂ ನಳಿಗೆಗೆ ತುಕ್ಕು. ಬಿಸಿನೀರು, ಸೋಪು, ಬಟ್ಟೆ, ಎಣ್ಣೆ, ಅರ್ಧ ಗಂಟೆ ತಿಕ್ಕಬೇಕು. ಅಜ್ಜಯ್ಯ ಕೋವಿ ತೊಳೆಯುವಾಗ ಬರುತ್ತಿದ್ದ ಅದೇ ವಾಸನೆ, ಎರಡನೇ ಮಹಡಿಯ ಬಾಡಿಗೆ ಮನೆಯ ಬಚ್ಚಲಲ್ಲಿ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಕೋವಿ ಮುಟ್ಟುವಂತಿರಲಿಲ್ಲ. ಆ ವಾಸನೆ ಗೊತ್ತಿತ್ತು, ಭಾರ ಗೊತ್ತಿರಲಿಲ್ಲ.

ಅಮೆರಿಕ ಇದನ್ನು ಬಂದೂಕು ಅನ್ನಲ್ಲ

ಈಗ ಕಾನೂನಿಗೆ ಬರೋಣ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ 1898ಕ್ಕೂ ಅದಕ್ಕಿಂತ ಮುಂಚೆಯೂ ತಯಾರಾದ ಬಂದೂಕುಗಳನ್ನು 'ಪುರಾತನ' ಅಂತ ಬೇರೆ ಇಟ್ಟಿದೆ. ಇವತ್ತು ತಯಾರಾದರೂ ಕಪ್ಪು ಮದ್ದನ್ನೇ ಬಳಸುವ, ತೋಟಾ ಹಾಕಲಾಗದ, ಮೂತಿಯಿಂದ ತುಂಬುವ ಕೋವಿಗಳೂ ಇದೇ ಗುಂಪಿಗೆ ಸೇರುತ್ತವೆ. ಇವು ಆ ಕಾಯ್ದೆಯ ಅರ್ಥದಲ್ಲಿ ಬಂದೂಕೇ ಅಲ್ಲ. ಹಾಗಾಗಿ ಒಕ್ಕೂಟ ಮಟ್ಟದಲ್ಲಿ ಹಿನ್ನೆಲೆ ಪರಿಶೀಲನೆ ಬೇಡ. ವಲಸಿಗ ವೀಸಾ ಅಲ್ಲದವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ ಅನ್ನೋ ನಿಷೇಧವೂ ಇವಕ್ಕೆ ತಾಗುವುದಿಲ್ಲ. ಹವ್ಯಾಸಕ್ಕಾಗಿ 50 ಪೌಂಡಿನವರೆಗೆ ಕಪ್ಪು ಮದ್ದನ್ನೂ ಒಕ್ಕೂಟದ ಸ್ಫೋಟಕ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳ ನಿಯಮ ಇದಕ್ಕಿಂತ ಬಿಗಿ.

ಈ ವಿನಾಯಿತಿಯಲ್ಲಿ ಒಂದು ಒಪ್ಪಿಗೆ ಅಡಗಿದೆ. ಎಲ್ಲ ಬಂದೂಕೂ ಒಂದೇ ಅಲ್ಲ, ತೋಟಾ ಹಾಕಲಾಗದ ನಿಧಾನದ ಕೋವಿಯ ಅಪಾಯ ಬೇರೆ ಅಂತ ಕಾನೂನೇ ಒಪ್ಪಿಕೊಂಡಿದೆ. ಆದರೆ ಮಕ್ಕಳ ಶಾಲೆಗೆ ನುಗ್ಗಿ ನಿಮಿಷದಲ್ಲಿ ಹತ್ತಾರು ಗುಂಡು ಹಾರಿಸುವ ರೈಫಲ್ಲಿನ ಪ್ರಶ್ನೆ ಬಂದಾಗ ಅದೇ ದೇಶದಲ್ಲಿ ವಾದ ತಿರುಗುತ್ತದೆ. ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ ಜಾರಿಗೆ ಬಂದದ್ದು 1791ರಲ್ಲಿ. 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಂದಿನ ಬಂದೂಕು ನಿಯಮ ಆ ದೇಶದ ಐತಿಹಾಸಿಕ ಪರಂಪರೆಗೆ ಹೊಂದುತ್ತದೆ ಅಂತ ಸರ್ಕಾರವೇ ತೋರಿಸಬೇಕು ಎಂದಿತು. ಇದರ ಬೆನ್ನಿಗೇ ಹಲವು ನಿಯಮಗಳು ಕೋರ್ಟು ಮೆಟ್ಟಿಲೇರಿದವು. 2024ರ ರಹೀಮಿ ತೀರ್ಪಿನಲ್ಲಿ ಕೋರ್ಟ್ ಸ್ವಲ್ಪ ಸಡಿಲಿಸಿ, ಹಳೆಯ ಕಾನೂನಿನ ತದ್ರೂಪವೇ ಬೇಕಿಲ್ಲ, ತತ್ವ ಹೊಂದಿದರೆ ಸಾಕು ಎಂದಿತು.

'1791ರಲ್ಲಿ ಇದ್ದದ್ದು ಇಂಥ ಕೋವಿ ಮಾತ್ರ, ಆದ್ದರಿಂದ ಹಕ್ಕೂ ಇಷ್ಟಕ್ಕೇ' ಅಂತ ವಾದಿಸುವವರಿದ್ದಾರೆ. ಈ ವಾದ ನನಗೂ ಸುಲಭಕ್ಕೆ ಒಪ್ಪಿಗೆಯಾಗಲ್ಲ. 2008ರ ಹೆಲ್ಲರ್ ತೀರ್ಪು ಅದನ್ನು ತಳ್ಳಿಹಾಕಿದೆ ಕೂಡ. ಮಾತಿನ ಹಕ್ಕು ಅಂದಿನ ಮುದ್ರಣಯಂತ್ರಕ್ಕೆ ಮಾತ್ರ ಸೀಮಿತ ಅಂತ ನಾವು ಹೇಳುತ್ತೇವಾ? ಆದರೆ ಇತಿಹಾಸವೇ ಅಳತೆಗೋಲು ಅನ್ನೋರು ಇತಿಹಾಸವನ್ನು ಪೂರ್ತಿ ಓದಲಿ. 1783ರಲ್ಲಿ ಮ್ಯಾಸಚುಸೆಟ್ಸ್, ಬಾಸ್ಟನ್ ನಗರದ ಮನೆಗಳಲ್ಲಿ ಮದ್ದು ತುಂಬಿದ ಕೋವಿ ಇಡುವುದನ್ನು ಕಾನೂನಿನಿಂದಲೇ ನಿಷೇಧಿಸಿತ್ತು. ಕಾರಣ ಸರಳ. ಬೆಂಕಿ ಬಿದ್ದರೆ ಆರಿಸಲು ಬಂದವರು ಸಾಯುತ್ತಾರೆ. ನೆರೆಯವರ ಜೀವ ಮುಖ್ಯ ಅನ್ನೋದು ಆಗಲೂ ಪರಂಪರೆಯೇ ಆಗಿತ್ತು.

ನಮ್ಮಲ್ಲಿ ಹೇಗೆ?

ಬ್ರಿಟಿಷರ 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಕಾಯ್ದೆ ಹುಟ್ಟಿದ್ದೇ ಅಪನಂಬಿಕೆಯಲ್ಲಿ. ಹಾಗಾಗಿಯೇ 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಸಂವಿಧಾನ ಸಭೆಯಲ್ಲಿ ಇದನ್ನು ಮೂಲಭೂತ ಹಕ್ಕು ಮಾಡಿ ಅಂತ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಯಾರು ಬೇಕಾದರೂ ಪೇಟೆಗೆ ಹೋಗಿ ತಡೆಯಿಲ್ಲದೆ ಆಯುಧ ಕೊಳ್ಳುವಂತಾದರೆ ಸರ್ಕಾರ ಆಡಳಿತ ನಡೆಸೋದು ಹೇಗೆ ಅನ್ನೋದು ಅವರ ವಾದದ ಸಾರ. ಅಮೆರಿಕದಲ್ಲಿ ನಾಲ್ಕು ವರ್ಷ ಇದ್ದು ಬಂದ ಮೇಲೆ, ಅಂಬೇಡ್ಕರ್ ಹೇಳಿದ್ದು ಸರಿ ಅಂತ ನಾನು ನಂಬುತ್ತೇನೆ. ಕೋವಿ ಪ್ರೀತಿಸುತ್ತಲೇ ನಂಬುತ್ತೇನೆ.

ಆದರೆ ಹಕ್ಕಲ್ಲ ಅಂದ ಮಾತ್ರಕ್ಕೆ ವಿವೇಚನೆಯೂ ಬೇಡವೇ? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ. ನಿಜವಾದ ಬೆಳೆ ರಕ್ಷಣೆಗೆ ಮೂತಿಯಿಂದ ತುಂಬುವ ಕೋವಿ ಕೇಳಿದರೆ, ಅರ್ಜಿದಾರರಲ್ಲಿ ಬೇರೆ ದೋಷವಿಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಪಿಸ್ತೂಲು, ರೈಫಲ್ಲು ಕೇಳುವವರು ಮಾತ್ರ ತಮಗೆ ಸೂಕ್ತ ಕಾರಣ ಇದೆ ಅಂತ ತೋರಿಸಿಕೊಳ್ಳಬೇಕು. ಅಂದರೆ ನಮ್ಮ ಶಾಸಕಾಂಗಕ್ಕೂ ವ್ಯತ್ಯಾಸ ಗೊತ್ತಿತ್ತು.

45ನೇ ಸೆಕ್ಷನ್‌ನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಳೆಯ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ನಮ್ಮಲ್ಲೂ ವಿನಾಯಿತಿ ಇದೆ. ಷರತ್ತು ಏನೆಂದರೆ, ರಿಪೇರಿ ಮಾಡಿದರೂ ಅದು ಹಾರಬಾರದು. ಅಮೆರಿಕದಲ್ಲಿ ಹಳೆಯ ಕೋವಿ ಹಾರಿದರೂ ಬಂದೂಕಲ್ಲ. ಭಾರತದಲ್ಲಿ ಹಾರದಿದ್ದರೆ ಮಾತ್ರ ಬಂದೂಕಲ್ಲ.

ಇವೆರಡರ ನಡುವೆ ಕೊಡಗು ನಿಂತಿದೆ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೊಟ್ಟ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದಿದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಅನ್ವಯ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಗೆ ಹೂವಿಟ್ಟು ಪೂಜಿಸುವುದು, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಸಾವಿನ ಮನೆಯಲ್ಲಿ ಹಾರಿಸುವ ಗುಂಡು ಎಲ್ಲವೂ ಅಲ್ಲಿ ಬದುಕಿನ ಭಾಗ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಜನಾಂಗ ನೋಡಿ ನಂಬಿಕೆ ಹಂಚುವ ಕ್ರಮ ವಸಾಹತು ಕಾಲದ್ದು ಅನ್ನೋದನ್ನೂ ಹೇಳಲೇಬೇಕು. ಪಕ್ಕದ ತಾಲ್ಲೂಕಿನಲ್ಲಿ ಒಂದೆಕರೆ ಗದ್ದೆ ಮಾಡುವ ದಲಿತ ರೈತನಿಗೂ ಅದೇ ಹಂದಿ, ಅದೇ ಮಂಗ. ಅವನು ಲೈಸೆನ್ಸಿಗೆ ಕಚೇರಿ ಅಲೆಯಬೇಕು. ಉತ್ತರ ಕೊಡವರ ವಿನಾಯಿತಿ ಕಿತ್ತುಕೊಳ್ಳುವುದಲ್ಲ. ಉಳಿದವರಿಗೆ ಕಾನೂನು ಈಗಾಗಲೇ ಕೊಟ್ಟಿರುವುದನ್ನು ಅಲೆದಾಡಿಸದೆ ಕೊಡುವುದು.

ಚುನಾವಣೆಯ ಠೇವಣಿಯೂ ಹಾಗೇ. ಯಾರ ಕೋವಿ ಪಡೆಯಬೇಕು ಅಂತ ಪರಿಶೀಲಿಸಲು ಜಿಲ್ಲಾ ಮಟ್ಟದ ಸಮಿತಿ ಇದೆ. ಕ್ರಿಮಿನಲ್ ಹಿನ್ನೆಲೆಯವರ, ಗಲಭೆಯ ಚರಿತ್ರೆ ಇರುವವರ ಆಯುಧ ಖಂಡಿತ ಪಡೆಯಲಿ. ಎಪ್ಪತ್ತು ದಾಟಿದ ರೈತನ ಕೇಪಿನ ಕೋವಿಯಿಂದ ಮತಗಟ್ಟೆ ವಶಪಡಿಸಿಕೊಳ್ಳಲು ಹೊರಟರೆ, ಎರಡನೇ ಈಡು ತುಂಬುವಷ್ಟರಲ್ಲಿ ಮತದಾನವೇ ಮುಗಿದಿರುತ್ತದೆ!

ಮುಚ್ಚಿಡಬಾರದ ಮಾತು

ಇಷ್ಟು ಹೇಳಿ ಕೋವಿಯನ್ನು ಆಟಿಕೆ ಮಾಡಿಬಿಟ್ಟರೆ ಅದು ಮೋಸ. ನಿಧಾನವಾಗಿ ಹಾರುವ ಗುಂಡೂ ಕೊಲ್ಲುತ್ತದೆ, ಅದಕ್ಕೆ ಒಂದೇ ಸಾಕು. ಅಕ್ರಮ ನಾಡಕೋವಿಗಳು ಕಾಡುಪ್ರಾಣಿಗಳ ಬೇಟೆಗೆ ಬಳಕೆಯಾಗುತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ 'ಗದ್ದೆ ಕಾಯೋಕೆ' ಅಂತ ಹೇಳಿ ಹೊರಟ ಎಷ್ಟೋ ಈಡು ಕಾಡುಕುರಿಯ ಮಾಂಸವಾಗಿ ಮನೆಗೆ ಬಂದಿದೆ. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ ಅನ್ನೋದನ್ನು ನನ್ನ ಹಿರಿಯರು ತಿಳಿದೂ ಮರೆತಿದ್ದರು. ಜತೆಗೆ, ಕುಡಿದ ಗಂಡಸು, ಗೋಡೆಯ ಮೇಲೆ ನೇತಾಡುವ ಕೋವಿ ಎರಡೂ ಇರುವ ಮನೆಯಲ್ಲಿ ಹೆಂಗಸರಿಗೆ ಹೇಗೆ ನಿದ್ದೆ ಬರುತ್ತದೆ ಅಂತ ಯಾವ ಲೈಸೆನ್ಸ್ ಅರ್ಜಿಯೂ ಕೇಳುವುದಿಲ್ಲ.

ಅದಕ್ಕೇ ನನಗೆ ಅಮೆರಿಕದ ಕೊರಿಯರ್ ಡಬ್ಬಿ ಬೇಡ. ಬೇಕಿರುವುದು ಫ್ರೆಂಡ್‌ಶಿಪ್‌ನ ಮೈದಾನ. ನಮ್ಮ ರೈಫಲ್ ಕ್ಲಬ್ಬುಗಳ ಗಮನ ಒಲಿಂಪಿಕ್ ಬಗೆಯ ಶೂಟಿಂಗ್ ಮೇಲಿದೆ, ಇರಲಿ. ಅದರ ಪಕ್ಕದಲ್ಲೇ ಲೈಸೆನ್ಸ್ ಇರುವ ಹಳೆಯ ಕೋವಿಗಳಿಗೊಂದು ಗುರಿ ಹಲಗೆ ಯಾಕಿರಬಾರದು? ಕೋವಿಗಳು ಕ್ಲಬ್ಬಿನ ಬೀಗದೊಳಗೇ ಇರಲಿ, ಮದ್ದಿಗೆ ಲೆಕ್ಕವಿರಲಿ, ಹೆಂಗಸರೂ ಮಕ್ಕಳೂ ಬರಲಿ. ಹದಿನೆಂಟನೇ ಶತಮಾನದಲ್ಲಿ ಯುರೋಪಿನ ಯುದ್ಧಗಳಿಗೆ ಪೆಟ್ಲುಪ್ಪು ಹೋಗುತ್ತಿದ್ದದ್ದು ಬಿಹಾರದಿಂದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಳೇ ಬಾವಿಯಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಕಪ್ಪು ಮದ್ದಿನ ಇಷ್ಟು ದೊಡ್ಡ ಚರಿತ್ರೆ ಇರುವ ನಾಡಿನಲ್ಲಿ ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಕಣ್ಣಾರೆ ನೋಡಲು ಜಾಗವೇ ಇಲ್ಲ.

ನಮ್ಮ ಕೋವಿಯ ಕಥೆ? ಅಪ್ಪಯ್ಯನ ನಂತರ ಅದು ಠಾಣೆಯಲ್ಲಿದೆ. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿಗೆ ಹೊಸ ಲೈಸೆನ್ಸ್ ಕೇಳಬಹುದು. ತಮ್ಮ "ಯಾಕೆ ಅಕ್ಕ ತಲೆನೋವು, ಕೊಟ್ಬಿಡು" ಅಂದ. ಅಮ್ಮ ಮಾತ್ರ, "ಮಂಗ ಓಡ್ಸೋಕೆ ಪಟಾಕಿ ಸಾಕು. ಆದ್ರೆ ಅದು ನಿನ್ನ ಹೆಸರಿಗೆ ಬರತ್ತೆ ಅಂದ್ರೆ ಅರ್ಜಿ ಹಾಕು" ಅಂದರು. ನಲವತ್ತು ವರ್ಷ ಆ ಕೋವಿ ಇದ್ದ ಮನೆಯಲ್ಲಿ ಬಾಳಿದ ಅಮ್ಮ ಒಂದು ಸಲವೂ ಅದನ್ನು ಕೈಯಲ್ಲಿ ಹಿಡಿದಿಲ್ಲ.

ಅರ್ಜಿ ಹಾಕಿದ್ದೇನೆ. ಉದ್ದೇಶ ಕೇಳುವ ಜಾಗದಲ್ಲಿ ಬೆಳೆ ರಕ್ಷಣೆ ಅಂತ ಬರೆದಿದ್ದರೆ ಸಲೀಸಾಗುತ್ತಿತ್ತು, ಗೊತ್ತು. ಆದರೆ ನಾನು ಹಂದಿಗೂ ಹೊಡೆಯುವವಳಲ್ಲ, ಮಂಗಕ್ಕೂ ಹೊಡೆಯುವವಳಲ್ಲ. ನಳಿಗೆ 20 ಇಂಚಿಗಿಂತ ಉದ್ದವಿದೆ, ಒಳಗೆ ನುಣುಪಾಗಿದೆ. ಅಂಥ ಕೋವಿಯನ್ನು ಕ್ರೀಡೆಗೂ ಕೇಳಬಹುದು ಅಂತ ಅದೇ 13ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ 'ಕ್ರೀಡೆ' ಅಂತ ಬರೆದೆ. ಅರ್ಜಿ ತೆಗೆದುಕೊಂಡ ಗುಮಾಸ್ತರು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ, "ಕೇಪಿನ ಕೋವೀಲಿ ಎಂಥ ಆಟ ಮೇಡಂ?" ಅಂತ ಕೇಳಿದರು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.